ಬೇವಿನ ನೀರಿನಲ್ಲಿ ನಿಲ್ಲದ ಕೆಂಪು

ಸಣ್ಣವ್ವನೊಂದಿಗಿನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಕೊಪ್ಪಳದ ಎಣ್ಣೆಕಾಳಿನ ವ್ಯಾಪಾರಿ ಕೊಟ್ರಬಸಪ್ಪನವರು. ಇರಕಲ್ಲಗಡದ ರೈತರು ಶೇಂಗಾ, ಕುಸುಬಿ ತಂದು ಸುರಿಯುತ್ತಿದ್ದುದು ಅವರ ಅಂಗಡಿಯ ಮುಂದೆ. ಸಣ್ಣವ್ವ ಮಗನ ಚಕ್ಕಡಿಯಲ್ಲಿ ಕುಳಿತು ಬರುತ್ತಿದ್ದಳು. ತಕ್ಕಡಿಯ ಮುಳ್ಳನ್ನು ತಾನೇ ನೋಡದೆ ಒಂದು ಚೀಲವನ್ನೂ ಇಳಿಸಗೊಡುತ್ತಿರಲಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಈ ಸೀಮೆಯ ಮನೆಗಳು ಸಿಡುಬಿನ ರೋಗಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದವು ಎಂಬುದನ್ನು ಕೇಳಿ ಬರೆದಿಡುವ ಕೆಲಸ ನಡೆದಿದೆ ಎಂದು ಕೊಟ್ರಬಸಪ್ಪನವರು ಹೇಳಿದಾಗ ಆಕೆ ಕೂಡಲೇ ಒಪ್ಪಲಿಲ್ಲ.

"ಮಂಗಳವಾರ ಬ್ಯಾಡ, ಶುಕ್ರವಾರ ಬ್ಯಾಡ. ಹುಣ್ಣಿವಿ, ಅಮಾಸಿ ಬ್ಯಾಡ. ಮನಿ ಒಳಗಂತೂ ಬ್ಯಾಡೇ ಬ್ಯಾಡ" ಎಂದಳು.

"ಹಂಗಾದ್ರ ಉಳೀತೇನು, ಯವ್ವಾ? ಆ ಬ್ಯಾನಿ ದೇಶದಾಗೇ ಇಲ್ಲಂತ ಸರಕಾರದವರು ಹೇಳಿ ಎಷ್ಟ ವರ್ಷ ಆತು."

"ಸರಕಾರದವರು ಹೇಳ್ಯಾರ. ಆಕಿ ಹೇಳ್ಯಾಳೇನು?"

ಜೋಳದ ರಾಶಿ ಎತ್ತಿದ ಮೇಲೆ, ಬುಧವಾರ ಮುಂಜಾನೆ, ಊರ ಹೊರಗಿನ ಕಣದಲ್ಲಿ ಕೂಡ್ರುವುದೆಂದು ನಿಶ್ಚಯವಾಯಿತು. ಅದು ೧೯೮೨ರ ಮಾರ್ಚ್ ತಿಂಗಳು. ಮುಂದಿನ ಕಥನವು ಆ ದಿನದ ಮತ್ತು ಆಮೇಲಿನ ಕೆಲವು ಮಾತುಕತೆಗಳಿಂದ ಕಟ್ಟಿದ್ದು. ಜನರ ಮಾತುಗಳನ್ನು ಸಣ್ಣವ್ವ ಆಡಿ ತೋರಿಸಿದ ಹಾಗೆಯೇ ಇರಿಸಲಾಗಿದೆ.

ಸಣ್ಣವ್ವ ಹುಟ್ಟಿದ್ದು ಅಳವಂಡಿಯಲ್ಲಿ. ಹುಟ್ಟಿದ ವರ್ಷ ಆಕೆಗೆ ತಿಳಿಯದು. ಆಕೆ ಇನ್ನೂ ಹಾಲುಹಲ್ಲು ಉದುರುವ ವಯಸ್ಸಿನಲ್ಲಿದ್ದಾಗ ಮನೆಗೆ ಅಮ್ಮ ಬಂದಳು. ಸಿಡುಬನ್ನು ಈ ಸೀಮೆಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಆಕೆಗೂ ಬಂದಳು, ಆಕೆಯ ಅಣ್ಣನಿಗೂ ಬಂದಳು. ಸಣ್ಣವ್ವನ ಮೈಯಲ್ಲಿ ಜೋಳ ಬಿತ್ತಿದಂತೆ ಕಲೆಗಳನ್ನು ಬಿಟ್ಟು ಹೋದಳು. ಅಣ್ಣನಲ್ಲಿ ಬಿಟ್ಟು ಹೋಗಲಿಲ್ಲ, ಎರಡೂ ಕಣ್ಣು ತೆಗೆದುಕೊಂಡು ಹೋದಳು. ಅವನ ರೆಪ್ಪೆಗಳು ಕೀವಿನಿಂದ ಅಂಟಿಕೊಂಡಿದ್ದವು. ಅಮ್ಮನ ಮೈ ಮುಟ್ಟಿ ತೊಳೆಯಬಾರದೆಂದು ಯಾರೂ ಮುಟ್ಟಲಿಲ್ಲ. ಗುಳ್ಳೆ ಒಣಗಿದ ಮೇಲೆ ರೆಪ್ಪೆಗಳು ತಾವಾಗಿ ಬಿಟ್ಟುಕೊಂಡಾಗ ಒಳಗೆ ಕರಿ ಗುಡ್ಡೆ ಇರಬೇಕಾದಲ್ಲಿ ಮೊಸರಿನ ಕೆನೆಯಂಥದ್ದು ಇತ್ತು. ಆ ಹುಡುಗ ಮುಂದೆ ಬಾಳಿದಷ್ಟು ಕಾಲ ಕಟ್ಟೆಯ ಮೇಲೆ ಕುಳಿತು ಪುಂಡಿಯ ನಾರು ಹೊಸೆದ. ಮದುವೆಯಾಗಿ ಹೋಗುವ ತನಕ ಕೋಲಿನ ಇನ್ನೊಂದು ತುದಿ ಹಿಡಿದು ಅವನನ್ನು ನಡೆಸಿದವಳು ಸಣ್ಣವ್ವ. ಹೊಲದ ಬದುವಿನ ಮೇಲೆ ನಡೆಯುವಾಗ ಅವನು ಒಮ್ಮೊಮ್ಮೆ ನಿಂತು, "ಈಗ ಮುಂಜಾನಿ ಐತೋ ಸಂಜಿ ಆಗೈತೋ?" ಎಂದು ಕೇಳುತ್ತಿದ್ದ.

ಇರಕಲ್ಲಗಡದ ಪಕ್ಕೀರವ್ವ ತನ್ನ ಮಗ ಕುಬೇರಪ್ಪನಿಗೆ ಹೆಣ್ಣು ನೋಡಲು ಅಳವಂಡಿಗೆ ಬಂದಾಗ ಈ ಕಲೆಗಳ ಮಾತು ಬಂತು. ಹೆಣ್ಣಿನ ಕಡೆಯವರು ತಲೆ ತಗ್ಗಿಸಿದ್ದರು. ಪಕ್ಕೀರವ್ವ ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಕುಲುಮಿಗೆ ಹೋಗಿ ಬಂದ ಕುಂಟಿ ಕುಡ ಇದು, ಇನ್ನ ಸವೆಯೂದಿಲ್ಲ" ಎಂದಳು. ಒಮ್ಮೆ ಅಮ್ಮ ಬಂದು ಹೋದವಳ ಮೇಲೆ ಮತ್ತೆ ಬರುವುದಿಲ್ಲ. ಅಂಥವಳು ಮನೆಯಲ್ಲಿದ್ದರೆ ಅಮ್ಮ ಬಂದಾಗ ಸೇವೆಗೆ ಒಬ್ಬಳಿದ್ದಂತಾಯಿತು. ಆ ಲೆಕ್ಕದಿಂದಲೇ ಸಣ್ಣವ್ವ ಸೊಸೆಯಾದಳು.

ಆ ಸೇವೆ ಆಕೆಯ ಪಾಲಿಗೆ ಬಂದದ್ದು ೧೯೪೪ರ ಹೋಳಿಹುಣ್ಣಿಮೆಯ ಸುಮಾರಿಗೆ. ಕುಬೇರಪ್ಪನಿಗೆ ಹುಲಿಗವ್ವ ಎಂಬ ತಂಗಿಯಿದ್ದಳು. ಪಕ್ಕೀರವ್ವ ಬಹಳ ತಡವಾಗಿ ಹಡೆದ, ಎಂಟರ ಆಸುಪಾಸಿನ ಹುಡುಗಿ. ಆ ಚಳಿಗಾಲದಲ್ಲಿ ದೇವಿ ಹಾಕುವವನು ಊರಿಗೆ ಬಂದು ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚುತ್ತಿದ್ದಾಗ ಪಕ್ಕೀರವ್ವ ಮಗಳನ್ನು ಹತ್ತಿ ತುಂಬಿದ ಕೋಣೆಯಲ್ಲಿ ಬಚ್ಚಿಟ್ಟಿದ್ದಳು. "ನಮ್ಮ ಮನ್ಯಾಗ ಹುಡುಗರೇ ಇಲ್ಲ ನೋಡ್ರಿ" ಎಂದು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದಳು. ಈಗ ಆ ಹುಡುಗಿಗೆ ಜ್ವರ ಬಂದು, ಸೊಂಟ ಹಿಡಿದು, ಹಣೆಯ ಮೇಲೆ ಕೆಂಪು ಚುಕ್ಕೆಗಳು ಎದ್ದವು. ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿದರು.

ಆ ಕ್ಷಣದಿಂದ ಮನೆಯ ನಡೆ ಬದಲಾಯಿತು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ. ಎಣ್ಣೆಯಿಲ್ಲ, ಹುಳಿಯಿಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ರೋಗಿಯನ್ನು ಹೆಸರು ಹಿಡಿದು ಕರೆಯುವಂತಿಲ್ಲ. ನಿನ್ನೆಯ ತನಕ "ಲೇ ಹುಲಿಗಿ" ಆಗಿದ್ದ ಹುಡುಗಿಯನ್ನು ತಾಯಿಯೇ "ತಾಯೀ" ಎನ್ನಬೇಕು. ಬೆಂಕಿ ಕಂಡ ನೀರು ಆಕೆಯ ಮೈಗೆ ತಾಗಕೂಡದು. ಬೇವಿನ ಎಲೆ, ಅರಿಶಿಣ ಹಾಕಿ ಅಂಗಳದ ಬಿಸಿಲಿಗಿಟ್ಟ ನೀರೊಂದೇ ನಡೆಯುತ್ತದೆ. ಎಲ್ಲಕ್ಕಿಂತ ಮೇಲಾಗಿ, ಆ ಮನೆಯಲ್ಲಿ ಯಾರೂ ದನಿ ಎತ್ತಕೂಡದು. ಬೈದರೆ, ಅತ್ತರೆ, ಕೂಗಿದರೆ ಅಮ್ಮ ಮುನಿಯುತ್ತಾಳೆ. ಹೀಗಾಗಿ ಆ ಮನೆಯಲ್ಲಿ ಹೆದರಿಕೆಯೂ ಪಿಸುಮಾತಿನಲ್ಲೇ ನಡೆಯಬೇಕಾಗಿತ್ತು.

ಸಣ್ಣವ್ವ ಹುಡುಗಿಯ ಪಕ್ಕದಲ್ಲಿ ಕುಳಿತು ಬೇವಿನ ಕುಡಿಯಿಂದ ಮೈ ಸವರುತ್ತಿದ್ದಳು. ಚುಕ್ಕೆ ಗುಳ್ಳೆಯಾಯಿತು, ಗುಳ್ಳೆಯಲ್ಲಿ ನೀರು ತುಂಬಿತು, ನೀರು ಕೀವಾಯಿತು. ಕೋಣೆಯಲ್ಲಿ ಒಂದು ವಾಸನೆ ಎದ್ದಿತು. ಅದನ್ನು ಸಣ್ಣವ್ವ ಅಳವಂಡಿಯಲ್ಲಿ ಬಿಟ್ಟು ಬಂದೆನೆಂದುಕೊಂಡಿದ್ದಳು. ಒಂದು ಬೆಳಿಗ್ಗೆ ಹುಡುಗಿ, "ಯಕ್ಕಾ, ಬಾಗಿಲಾ ಯಾಕ ಹಾಕೀರಿ, ಕತ್ತಲ ಐತಿ" ಎಂದಳು. ಬಾಗಿಲು ತೆರೆದೇ ಇತ್ತು. ರೆಪ್ಪೆಗಳು ಬಾತು ಮುಚ್ಚಿಕೊಳ್ಳುತ್ತಿದ್ದವು. ಅಂಚಿನಲ್ಲಿ ಹಳದಿ ಕೀವು ಗಟ್ಟಿಯಾಗುತ್ತಿತ್ತು.

ಈ ಹುಡುಗಿ ಸಾಯುತ್ತಾಳೆ ಎಂದು ಸಣ್ಣವ್ವನಿಗೆ ಅನ್ನಿಸಲಿಲ್ಲ. ಬದುಕುತ್ತಾಳೆ, ಬದುಕಿ ಕಟ್ಟೆಯ ಮೇಲೆ ಕುಳಿತು ನಾರು ಹೊಸೆಯುತ್ತಾಳೆ, ಮುಂಜಾನಿ ಐತೋ ಸಂಜಿ ಆಗೈತೋ ಎಂದು ಕೇಳುತ್ತಾಳೆ. ಹೆಣ್ಣುಮಗಳು ಬೇರೆ.

ಬೇವಿನ ಟೊಂಗೆ ಮುರಿಯಲು ಊರಂಚಿನ ಮರಕ್ಕೆ ಹೋದಾಗ ಆಕೆಗೆ ಅಮೀನಾಬೀ ಸಿಕ್ಕಳು. ಅಮೀನಾಬೀಯ ತವರು ಇರಕಲ್ಲಗಡ. ಗಂಡ ತೀರಿದ ಮೇಲೆ ಕೊಪ್ಪಳದ ಒಂದು ದವಾಖಾನೆಯಲ್ಲಿ ಹುಣ್ಣು ತೊಳೆಯುವ, ಬಟ್ಟೆ ಕುದಿಸುವ ಕೆಲಸ ಹಿಡಿದಿದ್ದಳು. ತಾಯಿಯನ್ನು ನೋಡಲು ಆಗಾಗ ಬರುತ್ತಿದ್ದಳು. ಅಮ್ಮ ಬಂದ ಮನೆಯವಳೆಂದು ತಿಳಿದು ಆಕೆ ಬದುವಿನ ಆಚೆಗೇ ನಿಂತಳು.

"ಕಣ್ಣ ಮುಚ್ಚ್ಯಾವೇನು?"

"ಮುಚ್ಚಾಕತ್ಯಾವು."

"ಕೀವು ಐತಿ?"

"ಐತಿ. ನಮ್ಮಣ್ಣಗ ಹಿಂಗೇ ಆಗಿತ್ತು."

"ಅಮ್ಮಗ ದವಾ ಇಲ್ಲವ್ವ. ಡಾಕ್ಟರ್ ಸಾಹೇಬರೂ ಅದನ್ನ ಹೇಳ್ತಾರ. ಆಕಿ ಬರೂ ಹೊತ್ತಿಗೆ ಬರ್ತಾಳ, ಹೋಗೂ ಹೊತ್ತಿಗೆ ಹೋಗ್ತಾಳ. ಆದ್ರ ಆಕಿ ಬೆನ್ನಹಿಂದ ಒಂದು ಹೊಲಸ ಬರ್ತೈತಿ ನೋಡು, ಕೀವು, ಹುಳ, ನೊಣ, ಕಣ್ಣ ತಿನ್ನೂದು ಭಾಳ ಸಲ ಅದು. ಅದಕ್ಕ ದವಾ ಐತಿ."

"ತಾಯಿ ಇದ್ದಾಗ ದವಾ ಮುಟ್ಟಿದ್ರ..."

"ತಾಯಿಗಿ ಯಾರ ಹಾಕಂದ್ರು? ಹೊಲಸಿಗೆ ಹಾಕು."

ಮರುದಿನ ಅಮೀನಾಬೀ ಕೊಪ್ಪಳದಿಂದ ಕೇಳಿ ತಂದ ಎರಡು ಪೊಟ್ಟಣಗಳನ್ನು ಬದುವಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಒಂದರಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ಕಪ್ಪಗೆ ಹೊಳೆಯುವ ಸಣ್ಣ ಹರಳುಗಳು. "ಬಿಳೀದು ಕಣ್ಣಿಗೆ. ಹರಳು ಮೈಗೆ, ಅದನ್ನ ಕಣ್ಣಿನ ಹತ್ರ ಒಯ್ಯಬ್ಯಾಡ. ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಬರಬೇಕು ನೀರಿಗೆ, ಹೆಚ್ಚಿಗಿ ಬ್ಯಾಡ. ಎರಡಕ್ಕೂ ಕುದಿಸಿ ಆರಿಸಿದ ನೀರು. ತಿಳೀತಿಲ್ಲೋ?"

ಸಣ್ಣವ್ವನಿಗೆ ತಿಳಿಯಿತು. ಕುದಿಸಿದ ನೀರು ಅಮ್ಮನ ಮನೆಯಲ್ಲಿ ಎಲ್ಲಿಂದ ಬರಬೇಕು ಎಂಬುದೊಂದು ತಿಳಿಯಲಿಲ್ಲ. ಅದನ್ನು ಕೇಳುವಷ್ಟರಲ್ಲಿ ದಾರಿಯಲ್ಲಿ ಯಾರೋ ಬರುವುದು ಕಂಡಿತು. ಪೊಟ್ಟಣಗಳನ್ನು ಬೇವಿನ ಹೊರೆಯೊಳಗೆ ತುರುಕಿಕೊಂಡು ಆಕೆ ಮನೆಯ ದಾರಿ ಹಿಡಿದಳು. ದಾರಿಯುದ್ದಕ್ಕೂ, ಕಾಲಿಗೆ ಮುಳ್ಳು ತಾಗಿದರೂ ಇದು ಅಮ್ಮನದೇ, ಕಾಗೆ ಕೂಗಿದರೂ ಇದು ಅಮ್ಮನದೇ ಎನ್ನಿಸುತ್ತಿತ್ತು.

ಕಣ್ಣಿಗೆ ಕುದಿಸದ ನೀರು ಹಾಕುವ ಧೈರ್ಯ ಆಕೆಗೆ ಬರಲಿಲ್ಲ. ಕಣ್ಣು ಎಂದರೆ ಆಕೆಗೆ ಅಣ್ಣನ ಮುಖ ಕಾಣುತ್ತಿತ್ತು. ಮೊದಲು ಮೈಗೆ ಹಾಕಿ ನೋಡುವುದು, ತಾಯಿ ಮುನಿಯದಿದ್ದರೆ ಕಣ್ಣಿನ ವಿಚಾರ ಆಮೇಲೆ ಎಂದುಕೊಂಡಳು. ಅತ್ತೆ ಹೊಲದ ದಾರಿಯಲ್ಲಿರುವ ದೇವಿಯ ಕಲ್ಲಿಗೆ ಮೊಸರನ್ನ ಇಡಲು ಹೋಗಿದ್ದಳು; ಗಂಡ ಹೊಲದಲ್ಲಿದ್ದ. ಅಂಗಳದ ಬಿಸಿಲಿನಲ್ಲಿದ್ದ ಬೇವು-ಅರಿಶಿಣದ ನೀರನ್ನು ಬಟ್ಟಲಿಗೆ ಬಗ್ಗಿಸಿ ಎರಡು ಹರಳು ಹಾಕಿದಳು.

ನೀರಿನಲ್ಲಿ ಒಂದು ಕೆಂಪು ಎಳೆ ಬಿಚ್ಚಿಕೊಂಡಿತು. ಚಂದವಾಗಿಯೇ ಇತ್ತು. ಆಕೆ ನೋಡುತ್ತಿರುವಂತೆಯೇ ಆ ಕೆಂಪು ಮಂಕಾಗಿ, ಮಾಸಿ, ಕೆಸರಿನ ಬಣ್ಣಕ್ಕೆ ತಿರುಗಿ ಸತ್ತುಹೋಯಿತು.

ಸಣ್ಣವ್ವ ಬಟ್ಟಲನ್ನು ನೆಲಕ್ಕಿಟ್ಟು ಗೋಡೆಗೆ ಒರಗಿದಳು. ಒಲ್ಲೆ ಎಂದಳೇ ತಾಯಿ? ಅಮೀನಾಬೀ ಹೇಳಿದ ಬಣ್ಣ ಇದಲ್ಲ. ಮತ್ತೆರಡು ಹಾಕಿದಳು, ಅದೂ ಸತ್ತಿತು. ಚಿಟಿಕೆ ಹಾಕಿದಳು, ತುಸು ಹೊತ್ತು ನಿಂತು ಅದೂ ಮಾಸಿತು. ಬೇವು ಮತ್ತು ಅರಿಶಿಣ ಆ ಔಷಧವನ್ನು ಕುಡಿದುಬಿಡುತ್ತವೆಂದು ಆಕೆಗೆ ಹೇಳುವವರು ಯಾರೂ ಇರಲಿಲ್ಲ. ದವಾಖಾನೆಯಲ್ಲಿ ಯಾರೂ ಅದನ್ನು ಬೇವಿನ ನೀರಿನಲ್ಲಿ ಕಲಸಿರಲಾರರು. ಕಡೆಗೆ ಪೊಟ್ಟಣದ ಕಾಲುಭಾಗ ಬಟ್ಟಲಿಗೆ ಸುರಿದಳು. ನೀರು ನೇರಳೆ ಹಣ್ಣು ಕಿವುಚಿದಂತಾಯಿತು. ಆ ಬಣ್ಣ ಹೋಗಲಿಲ್ಲ. ಒಪ್ಪಿದಳು ಎಂದುಕೊಂಡು ಬಟ್ಟೆ ಅದ್ದಿ ಹುಡುಗಿಯ ತೋಳು, ಎದೆ, ಕುತ್ತಿಗೆ, ಹಣೆಗೆಲ್ಲ ಒತ್ತಿದಳು.

"ಉರಿತೈತಿ, ಯಕ್ಕಾ" ಎಂದು ಹುಡುಗಿ ಮುಖ ಹೊರಳಿಸಿದಳು. ಹೊರಳಿಸುವಾಗ ಹಣೆಯಿಂದ ಒಂದು ಹನಿ ಜಾರಿ ಬಲಗಣ್ಣಿನ ಮೂಲೆಗೆ ಇಳಿಯಿತು. ಸಣ್ಣವ್ವ ಸೆರಗಿನಿಂದ ಒತ್ತಿಕೊಂಡಳು. ಹನಿ ರೆಪ್ಪೆಯ ಮೇಲೆಯೇ ನಿಂತಿತೋ ಒಳಗೆ ಹೋಯಿತೋ, ಬಾತ ಕಣ್ಣಿನಲ್ಲಿ ಕಾಣುವಂತಿರಲಿಲ್ಲ.

ಅತ್ತೆ ಮರಳುವ ಹೊತ್ತಿಗೆ ನೇರಳೆ ಬಣ್ಣ ಹೋಗಿತ್ತು. ಅದರ ಜಾಗದಲ್ಲಿ ಹುಡುಗಿಯ ಮೈ ಸುಟ್ಟ ರೊಟ್ಟಿಯ ಬೆನ್ನಿನಂತೆ ಕಂದು ಕಪ್ಪಾಗಿತ್ತು.

ಪಕ್ಕೀರವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಕೈಯಲ್ಲಿದ್ದ ತಟ್ಟೆ ಜಾರಿತು. ಸದ್ದಾಗದಂತೆ ಮೊಣಕಾಲಿಗೆ ಒತ್ತಿ ಹಿಡಿದಳು. "ಕರಿಯಾಕಿ" ಎಂದಳು, ಉಸಿರಿನಲ್ಲಿ. "ಕರಿಯಾಕಿ ಬಂದಾಳ."

ಕರಿ ಅಮ್ಮನ ಹೆಸರು ಕೇಳಿದರೆ ಆ ಸೀಮೆಯಲ್ಲಿ ಊರುಗಳು ಖಾಲಿಯಾಗುತ್ತಿದ್ದವು. ಅಮ್ಮ ಬಂದವರು ಬಹಳ ಜನ ಉಳಿಯುತ್ತಾರೆ. ಮೈ ಕಪ್ಪಾಗಿ ಬಂದರೆ ಯಾರೂ ಉಳಿಯುವುದಿಲ್ಲ, ಒಬ್ಬರನ್ನೊಯ್ದು ನಿಲ್ಲುವುದೂ ಇಲ್ಲ. ಪಕ್ಕದ ಮನೆಯ ಕನಕಮ್ಮ ಗೋಡೆಯ ಮೇಲಿಂದ ಇಣುಕಿ ನೋಡಿದಳು, ಅಷ್ಟೇ ಸಾಕಾಯಿತು. ಓಣಿಯ ಗಂಡಸರು ಬಾಗಿಲಿನಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ನಿಂತರು. ಹಿರಿಯರೊಬ್ಬರು ಹೊಲದಿಂದ ಓಡಿ ಬಂದ ಕುಬೇರಪ್ಪನಿಗೆ ಹೇಳಿದರು:

"ತಮ್ಮಾ, ಸಿಟ್ಟ ಆಗಬ್ಯಾಡ. ಊರಾಗ ಇಟ್ಕೋಬ್ಯಾಡ್ರಿ. ಹಳ್ಳದ ಆಚಿ ಗುಡಸಲಾಗ ಮಲಗಿಸಿ ಬರ್ರಿ. ತಾಯಿ ತನ್ನ ಜಾಗಾದಾಗ ತಾನು ಇರ್ತಾಳ."

ಕುಬೇರಪ್ಪ ಕೊಟ್ಟಿಗೆಗೆ ಹೋಗಿ ಎತ್ತುಗಳ ಹಗ್ಗ ಬಿಚ್ಚಿ ಚಕ್ಕಡಿಗೆ ಹೂಡಿದ. ಚಕ್ಕಡಿಯಲ್ಲಿ ಹುಲ್ಲು ಹಾಸಿದ, ಹುಲ್ಲಿನ ಮೇಲೆ ಕೌದಿ ಹಾಸಿದ. ಕೌದಿಯ ಮಡಿಕೆಗಳನ್ನು ಮತ್ತೆ ಮತ್ತೆ ಸರಿಪಡಿಸುತ್ತಲೇ ಇದ್ದ.

ಸಣ್ಣವ್ವ ಒಳಗೆ ಹುಡುಗಿಯ ಪಕ್ಕದಲ್ಲಿ ನಿಂತಿದ್ದಳು. ಆಕೆಗೆ ಆ ಗುಡಿಸಲು ಗೊತ್ತಿತ್ತು. ಬಾಗಿಲಿಲ್ಲ, ಹಳ್ಳದ ಧೂಳು, ದನಗಳು ಬಿಡಾರ ಹೂಡಿದ ಜಾಗದ ನೊಣ. ಅಲ್ಲಿ ಮಲಗಿದರೆ ಆ ಕಣ್ಣುಗಳಿಗೆ ಎರಡು ದಿನವೂ ಬಾಳಿಲ್ಲ. ಬಾಯಿ ತೆರೆದರೆ ತಾನು ಅಮ್ಮನ ಮನೆಗೆ ದವಾ ಹೊಕ್ಕಿಸಿದವಳು. ಗಂಡನ ಮನೆಯಿಂದ ಮಾತ್ರವಲ್ಲ, ಊರಿನಿಂದಲೇ ಹೊರಹಾಕಬಹುದು. ಹುಡುಗಿ ಸತ್ತರೆ ಕೊಂದವಳೂ ತಾನೇ. ಕುಬೇರಪ್ಪ ತಂಗಿಯನ್ನು ಎತ್ತಲು ಬಗ್ಗಿದ.

"ಎತ್ತಬ್ಯಾಡ್ರಿ" ಎಂದಳು ಸಣ್ಣವ್ವ. "ಅದು ಕರಿಯಾಕಿ ಅಲ್ಲ. ಅದು ನಾನು."

ತಾಯಿಯೂ ಮಗನೂ ಆಕೆಯತ್ತ ನೋಡಿದರು. ಆಕೆ ಸೆರಗಿನಡಿ ಮುಚ್ಚಿಕೊಂಡಿದ್ದ ಕೈಗಳನ್ನು ಮುಂದೆ ಚಾಚಿದಳು. ಬೆರಳು, ಉಗುರು, ಅಂಗೈ ಎಲ್ಲ ಹುಡುಗಿಯ ಮೈಯದೇ ಕಂದು ಬಣ್ಣ.

"ನಿನಗೂ ಬಂದ್ಲೇನ?" ಎಂದಳು ಪಕ್ಕೀರವ್ವ, ಹಿಂದೆ ಸರಿಯುತ್ತ.

"ಬಂದು ಹೋದಾಕಿಗೆ ಎಲ್ಲಿ ಬರ್ತಾಳ, ಅತ್ತಿ? ನೀವೇ ನೋಡಿ ತಂದೀರಿ ನನ್ನ. ಬರ್ರಿ, ತೋರಸ್ತೀನಿ."

ಆಕೆ ಬೇವಿನ ಹೊರೆಯಿಂದ ಪೊಟ್ಟಣ ತೆಗೆದಳು. ಹಗಲ ಬೆಳಕಿನಲ್ಲಿ, ಅಂಗಳದಲ್ಲಿ, ಗೋಡೆಯಾಚೆ ಓಣಿಯವರು ನಿಂತಿರುವಂತೆಯೇ, ಬಟ್ಟಲಿನ ನೀರಿಗೆ ಹರಳು ಹಾಕಿದಳು. ಬಣ್ಣ ಎದ್ದಿತು, ಮಾಸಿತು. ಮತ್ತಷ್ಟು ಹಾಕಿದಳು. ನೇರಳೆಯಾದ ನೀರನ್ನು ತನ್ನ ಮೊಣಕೈಯ ಮೇಲಿನ ಬಿಳಿ ಚರ್ಮಕ್ಕೆ ಬಳಿದು ಬಿಸಿಲಿಗೆ ಹಿಡಿದಳು. ಎಲ್ಲರೂ ನೋಡುತ್ತಿದ್ದರು. ಅದು ನಿಧಾನವಾಗಿ ಕಂದಾಯಿತು. ಕುಬೇರಪ್ಪ ಬಗ್ಗಿ ಹರಳುಗಳನ್ನು ನೋಡಿದ.

"ಇದು ವಾಂತಿಬ್ಯಾನಿ ಬಂದಾಗ ಸರಕಾರದವರು ಬಾವಿಗೆ ಹಾಕಿದ್ರಲ್ಲ, ಆ ಕೆಂಪು ದವಾ ಅಲ್ಲೇನು?"

"ಅದೇ ರೀ. ಕೀವಿಗೆ ಹಾಕಿದ್ದೆ."

ಗೋಡೆಯಾಚೆ ಕನಕಮ್ಮ ಬಾಯಿಗೆ ಸೆರಗು ಹಿಡಿದಳು. ಪಕ್ಕೀರವ್ವನ ಮುಖ ಕಪ್ಪಿಟ್ಟಿತ್ತು. ದನಿ ಎತ್ತುವಂತಿರಲಿಲ್ಲ, ಕೈ ಎತ್ತುವಂತೆಯೂ ಇರಲಿಲ್ಲ. ಆಕೆ ಸೊಸೆಯ ಕಿವಿಯ ಹತ್ತಿರ ಬಾಗಿ, ಮಗುವನ್ನು ಮಲಗಿಸುವ ದನಿಯಲ್ಲಿ ಹೇಳಿದಳು:

"ನಿನ್ನ ಬಾಯಾಗ ಮಣ್ಣ ಬೀಳಲಿ. ತಾಯಿ ಇದ್ದ ಮನಿಗೆ ದವಾ ತಂದೀ? ತಾಯಿ ಹೋಗಲಿ, ಆಮ್ಯಾಲ ನಿನ್ನ ಕೂದಲ ಹಿಡಿದು ಅಳವಂಡಿ ತನಕ ಎಳಕೊಂಡು ಹೋಗತೀನಿ. ಈಗ ಹೇಳು. ಕಣ್ಣಿಗೂ ಹಾಕೀಯೇನು?"

"ಒಂದು ಹನಿ ಬಿದ್ದಿರಬೇಕು. ಬಲಗಣ್ಣಿಗೆ. ಗೊತ್ತಿಲ್ಲ, ಅತ್ತಿ."

ಪಕ್ಕೀರವ್ವ ಬಹಳ ಹೊತ್ತು ಮಗಳನ್ನೇ ನೋಡಿದಳು. ಮೈಯೆಲ್ಲ ಕಪ್ಪಾಗಿದ್ದರೂ ಗುಳ್ಳೆಗಳ ನಡುವೆ ರಕ್ತ ಹೆಪ್ಪುಗಟ್ಟಿರಲಿಲ್ಲ, ಬಾಯಿಯಿಂದ ನೆತ್ತರು ಬಂದಿರಲಿಲ್ಲ. ಕರಿ ಅಮ್ಮನನ್ನು ಆಕೆ ಹಿಂದೊಮ್ಮೆ ಕಂಡಿದ್ದಳು. ಆ ಲಕ್ಷಣಗಳು ಆಕೆಗೆ ಗೊತ್ತಿದ್ದವು. "ಎತ್ತ ಬಿಚ್ಚು" ಎಂದು ಮಗನಿಗೆ ಹೇಳಿದಳು. ಓಣಿಯ ಹಿರಿಯರು ಏನೋ ಹೇಳಲು ಬಾಯಿ ತೆರೆದರು. "ನನ್ನ ಸೊಸಿ ಕೈ ಹೊಲಸ ಮಾಡಿಕೊಂಡಾಳ, ಅದಕ್ಕ ಊರ ಬಿಡತೀರೇನ್ರಿ?" ಎಂದಳು ಪಕ್ಕೀರವ್ವ ಅದೇ ಮೆಲುದನಿಯಲ್ಲಿ. ಗಂಡಸರು ಒಬ್ಬೊಬ್ಬರಾಗಿ ಕರಗಿದರು. ಯಾರೂ ನಂಬಿ ಹೋಗಲಿಲ್ಲ. ಮರುದಿನ ನೋಡೋಣ ಎಂದು ಹೋದರು.

ಅಮೀನಾಬೀಗೆ ಹೇಳಿ ಕಳಿಸಿದರು. ಆಕೆ ಹಿತ್ತಲ ಗೋಡೆಯ ಆಚೆ ನಿಂತಳು, ಈಚೆ ಪಕ್ಕೀರವ್ವ ನಿಂತಳು. ಇಬ್ಬರೂ ಸಣ್ಣ ಹುಡುಗಿಯರಿದ್ದಾಗ ಒಂದೇ ಹಳ್ಳದಲ್ಲಿ ಬಟ್ಟೆ ಒಗೆದವರು.

"ನೀ ಕೊಟ್ಟೀಯೇನು, ಅಮೀನಾ?"

"ಕೊಟ್ಟೀನಿ. ಬೇವಿನ ನೀರಾಗ ಕಲಸಂತ ಕೊಟ್ಟಿಲ್ಲ. ಅದರಾಗ ಬಣ್ಣ ನಿಲ್ಲೂದಿಲ್ಲಂತ ನನಗಾದ್ರೂ ಎಲ್ಲಿ ಗೊತ್ತಿತ್ತು, ನಮ್ಮ ದವಾಖಾನ್ಯಾಗ ಬೇವು ಯಾರ ತರ್ತಾರ?" ಹುಡುಗಿಗೆ ಏನಾದರೂ ಆದರೆ ಮೊದಲು ಬರುವ ಹೆಸರು ತನ್ನದೆಂದು ಅಮೀನಾಬೀ ಬಲ್ಲಳು. "ಮೈಗೆ ಹಾಕಿದ್ದು ಹಾಕ್ಯಾಳ, ಕರಿ ಬಣ್ಣ ತೊಗಲ ಜೋಡಿ ಹೋಗತೈತಿ. ಇನ್ನ ಹರಳು ಬ್ಯಾಡ. ಕಣ್ಣ ತೊಳೀರಿ. ಬಿಳೀ ಪುಡಿ, ಕುದಿಸಿದ ನೀರು, ಕುದಿಸಿದ ಬಟ್ಟಿ. ಮುಂಜಾನಿ, ಮಧ್ಯಾಹ್ನ, ಸಂಜಿ. ಅಂಟಿದ್ದನ್ನ ಕೀಳಬ್ಯಾಡ್ರಿ, ನೆನಸ್ರಿ."

"ತಾಯಿ ಇದ್ದ ಮನ್ಯಾಗ ನೀರು ಕುದಿಸಬಾರದು."

"ಹಂಗಾದ್ರ ಕಣ್ಣ ಇಲ್ಲ."

ಪಕ್ಕೀರವ್ವ ಅಡುಗೆಮನೆಯ ಕಡೆ ನೋಡಿದಳು, ದೇವರ ಮೂಲೆಯ ಕಡೆ ನೋಡಿದಳು, ಕಡೆಗೆ ಕೊಟ್ಟಿಗೆಯ ಕಡೆ ನೋಡಿದಳು. ಅಲ್ಲಿ ಎತ್ತುಗಳಿಗೆ ಹುರುಳಿ ಕುದಿಸುವ ಮೂರು ಕಲ್ಲಿನ ಒಲೆಯಿತ್ತು.

"ಮನಿ ಒಲಿ ಮನೀದು. ಅದು ದನದ ಒಲಿ" ಎಂದಳು ಪಕ್ಕೀರವ್ವ, ತನಗೆ ತಾನೇ ಹೇಳಿಕೊಂಡಂತೆ. "ದನದ ಒಲಿ ತಾಯಿ ಲೆಕ್ಕದಾಗ ಬರೂದಿಲ್ಲ. ಬರೂದಾಗಿದ್ರ ಎತ್ತು ಇಷ್ಟ ದಿನ ಉಪವಾಸ ಇರಬೇಕಾಗಿತ್ತು."

ಆ ಸಂಜೆ ಸೂರ್ಯ ಮುಳುಗುವ ಮುಂಚೆ ಹುರುಳಿಯ ಗಡಿಗೆಯನ್ನು ಬೂದಿಯಿಂದ ತಿಕ್ಕಿ ತಿಕ್ಕಿ ತೊಳೆದರು. ಹಳೆಯ ಧೋತರದ ಬಿಳಿ ತುಂಡುಗಳನ್ನು ಅದರಲ್ಲೇ ಹಾಕಿ ಕುದಿಸಿದರು. ನೀರು ಆರುವ ತನಕ ಪಕ್ಕೀರವ್ವ ಗಡಿಗೆಯ ಪಕ್ಕದಲ್ಲಿ ಕುಳಿತು ನೊಣ ಓಡಿಸಿದಳು, ಬಾಯಲ್ಲಿ ತಾಯಿಯ ಹೆಸರು ಜಪಿಸುತ್ತ. ಸಣ್ಣವ್ವ ಬಿಳಿ ಪುಡಿ ಕಲಸಿದಳು. ಆ ನೀರಿನಲ್ಲಿ ಯಾವ ಬಣ್ಣವೂ ಏಳಲಿಲ್ಲ, ಯಾವ ಬಣ್ಣವೂ ಸಾಯಲಿಲ್ಲ. ಹಾಗೆ ಏನೂ ಆಗದಿದ್ದುದೇ ಆಕೆಗೆ ಇನ್ನೊಂದು ಹೆದರಿಕೆಯಾಯಿತು.

ಬಟ್ಟೆಯನ್ನು ಅದ್ದಿ ರೆಪ್ಪೆಯ ಮೇಲಿಟ್ಟು ಕಾದಳು. ಗಟ್ಟಿಯಾದ ಕೀವು ಮೆತ್ತಗಾಯಿತು. ಮೂಗಿನ ಬದಿಯಿಂದ ಹೊರಗೆ ಒರೆಸಿದಳು, ಒಮ್ಮೆ ಒರೆಸಿದ ತುಂಡನ್ನು ಮತ್ತೆ ಮುಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಕಣ್ಣು ಮತ್ತೆ ಅಂಟಿಕೊಂಡಿರುತ್ತಿತ್ತು. ಮತ್ತೆ ನೆನೆಸುವುದು, ಮತ್ತೆ ಒರೆಸುವುದು. ರೆಪ್ಪೆ ಎತ್ತಿ ಒಳಗೆ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅತ್ತೆ ಸೊಸೆಯರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪ್ರತಿ ಮುಂಜಾನೆ ಕನಕಮ್ಮ ಗೋಡೆಯ ಮೇಲಿಂದ ಹುಡುಗಿಯ ಮೈಯ ಬಣ್ಣ ನೋಡಿ ಓಣಿಗೆ ವರದಿ ಒಯ್ಯುತ್ತಿದ್ದಳು. ಕಂದು ಬಣ್ಣ ಗುಳ್ಳೆಯ ಹಕ್ಕಳೆಗಳ ಜೊತೆ ಕಳಚತೊಡಗಿದ ಮೇಲೆ ಆಕೆ ಬರುವುದನ್ನು ಬಿಟ್ಟಳು.

ಯುಗಾದಿ ಬಂತು. ಊರೆಲ್ಲ ಎಣ್ಣೆ ಹಚ್ಚಿ ಎರೆದುಕೊಂಡಿತು. ಆ ಮನೆಯವರು ಹೋಳಿಗೆಯ ವಾಸನೆಯನ್ನು ಗೋಡೆಯಾಚೆಯಿಂದ ಕುಡಿದರು. ಮರುದಿನ ಬೆಳಗಿನ ತೊಳೆಯುವಿಕೆಯಲ್ಲಿ ಎಡಗಣ್ಣಿನ ರೆಪ್ಪೆ ತಾನೇ ಬಿಚ್ಚಿಕೊಂಡಿತು. ಸಣ್ಣವ್ವ ಬಟ್ಟೆ ಹಿಡಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದಳು. ಕೆಂಪಾದ ಬಿಳಿಯ ನಡುವೆ ಒದ್ದೆಯಾದ, ಹೊಳೆಯುವ ಕಪ್ಪು ಗುಡ್ಡೆ. ಅದು ಅತ್ತಿತ್ತ ಹೊರಳಿ ಆಕೆಯ ಕೈಯ ಮೇಲೆ ನಿಂತಿತು.

"ಯಕ್ಕಾ, ನಿನ್ನ ಉಗರ ಯಾಕ ಹಂಗ ಅದಾವ? ಕಾಚು ತಿಕ್ಕೊಂಡೀಯೇನು?"

ಉತ್ತರ ಕೊಟ್ಟರೆ ಸಣ್ಣವ್ವನಿಗೆ ಅಳು ಬರುತ್ತಿತ್ತು, ಆ ಮನೆಯಲ್ಲಿ ಅಳಬಾರದಿತ್ತು. ಬಲಗಣ್ಣನ್ನು ನೆನೆಸುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಅದೂ ಬಿಟ್ಟಿತು. ಅದರ ಕರಿ ಗುಡ್ಡೆಯ ನಡುವೆ ಎಳ್ಳುಕಾಳಿಗಿಂತ ದೊಡ್ಡದಾದ ಬಿಳಿ ಹೂವೊಂದು ಕುಳಿತಿತ್ತು.

ಸಣ್ಣವ್ವನ ಕಣ್ಣ ಮುಂದೆ ಹಣೆಯಿಂದ ಜಾರಿದ ಆ ಹನಿ ಬಂತು. "ಅತ್ತಿ, ಇದು ನನ್ನ ಹನಿ" ಎಂದಳು.

ಪಕ್ಕೀರವ್ವ ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಕಣ್ಣು ನೋಡಿದಳು. ಎಡಗಣ್ಣಿನ ಮುಂದೆ ಬೆರಳಾಡಿಸಿದಳು, ಬಲಗಣ್ಣಿನ ಮುಂದೆ ಬೆರಳಾಡಿಸಿದಳು. ಆಮೇಲೆ ಹೇಳಿದಳು: "ನಿನ್ನ ಹನಿ ಅಂತ ಬರಕೊಟ್ಟೀಯೇನು ಯಾರಿಗಾದ್ರೂ? ಆಕಿ ಒಂದು ಇಟ್ಕೊಂಡಾಳ, ಒಂದು ಬಿಟ್ಟಾಳ. ಹೋಗು, ನೀರು ಕುದೀಲಿಕ್ಕೆ ಇಡು, ಮಧ್ಯಾಹ್ನದ ಸಲ ಬಾಕಿ ಐತಿ."

ಕೂದಲು ಹಿಡಿದು ಅಳವಂಡಿಗೆ ಎಳೆದೊಯ್ಯುವ ಮಾತನ್ನು ಪಕ್ಕೀರವ್ವ ಮತ್ತೆ ಎತ್ತಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಬಲಗಣ್ಣಿನ ಹೂವು ಸಿಡುಬಿನದೋ ಹನಿಯದೋ ಎಂಬುದನ್ನು ಈಗ ಯಾರೂ ನಿರ್ಣಯಿಸಲಾರರು. ಸಣ್ಣವ್ವ ಎರಡನ್ನೂ ಹೇಳುತ್ತಾಳೆ, ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಗೊಡುವುದಿಲ್ಲ. ಹುಲಿಗವ್ವನನ್ನು ಕುಷ್ಟಗಿಯ ಕಡೆಗೆ ಮದುವೆ ಮಾಡಿಕೊಟ್ಟರು. ಆಕೆ ಒಂದೇ ಕಣ್ಣಿನಿಂದ ಕೌದಿ ಹೊಲಿದಳು, ಮಕ್ಕಳನ್ನು ಸಾಕಿದಳು. ದಿನಾಂಕವನ್ನು ಯುಗಾದಿಯಿಂದ ಎಣಿಸಿ, ಆ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿ, ಸಣ್ಣವ್ವ ಮತ್ತು ಹುಲಿಗವ್ವ ಇಬ್ಬರ ಒಪ್ಪಿಗೆಯಿಂದ ಹೀಗೆ ನಮೂದಿಸಲಾಗಿದೆ: ಹುಲಿಗವ್ವ, ಇರಕಲ್ಲಗಡ, ಕಣ್ಣು ತೆರೆದದ್ದು ತಾರಣ ಸಂವತ್ಸರದ ಯುಗಾದಿಯ ಮರುದಿನ, ರವಿವಾರ, ೨೬ ಮಾರ್ಚ್ ೧೯೪೪, ಮುಂಜಾನೆ, ಎಡಗಣ್ಣು ಕಾಣುತ್ತದೆ, ಬಲಗಣ್ಣಿನಲ್ಲಿ ಹೂವು.